ಒಲಿಸುವ ಮಾತು, ಉಳಿಸುವ ಮಾತು: ಜಾಹೀರಾತಿನ ತರ್ಕ ಮತ್ತು ವರ್ತಕನ ಹೊಣೆ

ಆಷಾಢ ಮಾಸ ಬಂತೆಂದರೆ ರಾಜ್ಯದ ಪೇಟೆ ಬೀದಿಗಳ ಬಣ್ಣವೇ ಬದಲಾಗುತ್ತದೆ. ಮದುವೆ, ಗೃಹಪ್ರವೇಶಗಳಿಲ್ಲದ ಈ ತಿಂಗಳು ಒಂದು ಕಾಲದಲ್ಲಿ ಜವಳಿ ವರ್ತಕರಿಗೆ ಕೈ ಕಟ್ಟಿ ಕೂರುವ ಕಾಲವಾಗಿತ್ತು. ಇದೇ ಬಿಡುವನ್ನು ವ್ಯಾಪಾರದ ಹಂಗಾಮನ್ನಾಗಿ ಪರಿವರ್ತಿಸಿದ್ದು ವರ್ತಕ ಸಮುದಾಯದ ಜಾಣ್ಮೆ. ಹಳೆಯ ದಾಸ್ತಾನು ಖಾಲಿಯಾಗಬೇಕು, ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ ಸರಕು ಬರಬೇಕು, ಗ್ರಾಹಕನಿಗೂ ನಾಲ್ಕು ಕಾಸು ಉಳಿಯಬೇಕು. ಆಷಾಢದ ರಿಯಾಯಿತಿ ಮಾರಾಟದ ಹಿಂದಿರುವ ಈ ಲೆಕ್ಕಾಚಾರದಲ್ಲಿ ಮುಚ್ಚಿಡಬೇಕಾದದ್ದು ಏನೂ ಇಲ್ಲ.

ಆದರೆ ಅಂಗಡಿಯ ಮುಂದೆ ತೂಗುವ ಫಲಕವನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ‘ಶೇ. 50’ ಎಂಬ ಅಂಕಿ ಆಳೆತ್ತರವಿರುತ್ತದೆ. ಅದರ ಪಕ್ಕದಲ್ಲಿ ‘ವರೆಗೆ’ ಎಂಬ ಮೂರಕ್ಷರದ ಪದ ಹೆಬ್ಬೆರಳಿನಷ್ಟಿರುತ್ತದೆ. ಒಳಗೆ ಹೋದ ಗ್ರಾಹಕನಿಗೆ ಅರ್ಧ ಬೆಲೆಯ ಸೀರೆಗಳು ಮೂಲೆಯ ಒಂದು ಮೇಜಿನ ಮೇಲಷ್ಟೇ ಕಾಣುತ್ತವೆ. ಮಿಕ್ಕ ಕಪಾಟುಗಳಲ್ಲಿ ಶೇ. 10ರ ಚೀಟಿ. ಫಲಕದಲ್ಲಿ ಸುಳ್ಳು ಬರೆದಿಲ್ಲ. ಆದರೂ ಗ್ರಾಹಕ ನಂಬಿ ಬಂದದ್ದೇ ಬೇರೆ, ಕಂಡದ್ದೇ ಬೇರೆ. ಅಕ್ಷರಕ್ಕೆ ನಿಜವಾಗಿದ್ದು ಭಾವಕ್ಕೆ ಸುಳ್ಳಾಗುವ ಇಂತಹ ಮಾತನ್ನು ಏನೆಂದು ಕರೆಯಬೇಕು? ಅದರಿಂದ ವರ್ತಕನಿಗೆ ದೊರೆಯುವುದೇನು, ಆತ ಕಳೆದುಕೊಳ್ಳುವುದೇನು? ಸ್ಪರ್ಧೆ ತೀವ್ರವಾಗಿರುವ ಈ ದಿನಗಳಲ್ಲಿ ವಾಣಿಜ್ಯ ಕ್ಷೇತ್ರದ ಪ್ರತಿಯೊಬ್ಬರೂ ಯೋಚಿಸಬೇಕಾದ ಪ್ರಶ್ನೆಗಳಿವು.

ಒಪ್ಪಿಸುವ ಕಲೆಯ ಅಂಗಗಳು

ಜಾಹೀರಾತು ಆಧುನಿಕ ಯುಗದ ಸೃಷ್ಟಿ ಎಂಬ ಭಾವನೆ ಸಾಮಾನ್ಯವಾಗಿದೆ. ಮಾಧ್ಯಮ ಹೊಸದಿರಬಹುದು, ಒಬ್ಬನ ಮನಸ್ಸನ್ನು ಮಾತಿನಿಂದ ಒಪ್ಪಿಸುವ ವಿದ್ಯೆ ಬಹಳ ಹಳೆಯದು. ಗ್ರೀಸ್ ದೇಶದ ಅರಿಸ್ಟಾಟಲ್ ಈ ವಿದ್ಯೆಗೆ ಮೂರು ಆಧಾರಗಳನ್ನು ಗುರುತಿಸಿದ: ಹೇಳುವವನ ಶೀಲ, ಕೇಳುವವನ ಭಾವ, ಹೇಳಿದ ಮಾತಿನ ತರ್ಕ. ಇಂದಿನ ಯಾವುದೇ ಜಾಹೀರಾತನ್ನು ಬಿಡಿಸಿ ನೋಡಿದರೂ ಈ ಮೂರರಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ. ಪ್ರಸಿದ್ಧ ನಟ ಬಂದು ನಿಂತರೆ ಅದು ಮೊದಲನೆಯದು. ಮಗುವಿನ ನಗು, ತಾಯಿಯ ಕಣ್ಣೀರು ಎರಡನೆಯದು. ಲೀಟರಿಗೆ ಇಷ್ಟು ಕಿಲೋಮೀಟರು ಎಂಬ ಲೆಕ್ಕ ಮೂರನೆಯದು.

ಭಾರತದ ನ್ಯಾಯಶಾಸ್ತ್ರ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ವಾದದ ಅಂಗಗಳನ್ನೇ ಎಣಿಸಿತು. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳಿದ್ದರೆ ವಾದ ಪೂರ್ಣವಾಗುತ್ತದೆ. ಬೆಟ್ಟದ ಮೇಲೆ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆ ಕಾಣುತ್ತಿದೆ ಎಂಬುದು ಹೇತು. ಹೊಗೆಯಿರುವಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಕಂಡಂತೆ ಎಂಬುದು ಉದಾಹರಣೆ. ಈ ಬೆಟ್ಟದ ಮೇಲಿರುವುದೂ ಅಂತಹ ಹೊಗೆಯೇ ಎಂಬುದು ಉಪನಯ. ಆದ್ದರಿಂದ ಬೆಂಕಿಯಿದೆ ಎಂಬುದು ನಿಗಮನ.

ಈ ಅಳತೆಗೋಲನ್ನು ಪೇಟೆಯ ಮಾತಿಗೆ ಹಿಡಿದರೆ ಒಂದು ವಿಶೇಷ ಕಾಣುತ್ತದೆ. ಬಹುಪಾಲು ಜಾಹೀರಾತುಗಳಲ್ಲಿ ಪ್ರತಿಜ್ಞೆ ಮತ್ತು ನಿಗಮನಗಳಷ್ಟೇ ಇರುತ್ತವೆ. ‘ಇದು ಶ್ರೇಷ್ಠ, ಆದ್ದರಿಂದ ಕೊಳ್ಳಿ’ ಎನ್ನುವ ಮಾತಿನಲ್ಲಿ ಹೇತುವಿನ ಸ್ಥಾನ ಖಾಲಿ. ಆ ಖಾಲಿ ಜಾಗವನ್ನು ಸಂಗೀತ, ಬಣ್ಣ ಅಥವಾ ತಾರೆಯ ಮುಖ ತುಂಬುತ್ತದೆ. ಕೆಲವೊಮ್ಮೆ ಹೇತು ಇದ್ದಂತೆ ತೋರಿದರೂ ಅದು ಹೇತ್ವಾಭಾಸವಾಗಿರುತ್ತದೆ. ‘ನಮ್ಮದೇ ನಂಬರ್ ಒನ್, ಏಕೆಂದರೆ ಎಲ್ಲರೂ ನಂಬುವುದು ನಮ್ಮನ್ನೇ’ ಎಂಬ ಮಾತನ್ನು ತೆಗೆದುಕೊಂಡರೆ, ಎಲ್ಲರೂ ನಂಬುತ್ತಾರೆಂಬುದಕ್ಕೇ ಪ್ರಮಾಣ ಬೇಕಾಗಿದೆ. ತಾನೇ ಸಿದ್ಧವಾಗದ ಕಾರಣ ಇನ್ನೊಂದನ್ನು ಸಾಧಿಸಲಾರದು. ನೈಯಾಯಿಕರು ಇದನ್ನು ಸಾಧ್ಯಸಮ ಎಂದು ಕರೆದರು.

ಕಾರಣ ಕೊಟ್ಟು ಗೆದ್ದ ಮಾತು

ಕಾರಣ ಕೊಟ್ಟು ಮಾತನಾಡಿದರೆ ಗ್ರಾಹಕ ಕೇಳುವುದಿಲ್ಲ ಎಂಬುದು ಜಾಹೀರಾತು ಕ್ಷೇತ್ರದಲ್ಲಿ ಕೆಲವರು ಆಡುವ ಮಾತು. ಇದಕ್ಕೆ ಉತ್ತರವಾಗಿ ಭಾರತದ್ದೇ ಒಂದು ಪ್ರಸಂಗವಿದೆ. ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲರು 1969ರಲ್ಲಿ ಆರಂಭಿಸಿದ ನಿರ್ಮಾ ಪುಡಿ, ಬೆಲೆಯ ಬಲದಿಂದಲೇ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕಿತು. ದುಬಾರಿಯಾಗಿದ್ದ ಸರ್ಫ್ ಪುಡಿಯ ತಯಾರಕರಾದ ಹಿಂದೂಸ್ತಾನ್ ಲಿವರ್ ಸಂಸ್ಥೆಗೆ ಇದು ದೊಡ್ಡ ಸವಾಲಾಯಿತು. 1980ರ ದಶಕದಲ್ಲಿ ಆ ಸಂಸ್ಥೆಗಾಗಿ ಲಿಂಟಾಸ್ ಜಾಹೀರಾತು ಕಂಪನಿಯ ಅಲೀಕ್ ಪದಮ್ಸಿ ಅವರ ತಂಡ ರೂಪಿಸಿದ ಪಾತ್ರವೇ ಲಲಿತಾಜಿ. ದೂರದರ್ಶನ ನೋಡಿ ಬೆಳೆದ ಪೀಳಿಗೆಗೆ ಈ ಪಾತ್ರದ ಪರಿಚಯ ಬೇಕಿಲ್ಲ.

ಆ ಜಾಹೀರಾತಿನಲ್ಲಿ ಸುಂದರ ತೋಟವಿರಲಿಲ್ಲ, ಹಾಡು ಕುಣಿತಗಳಿರಲಿಲ್ಲ. ತರಕಾರಿಗೆ ಚೌಕಾಸಿ ಮಾಡುವ, ಪೈಸೆ ಪೈಸೆಗೂ ಲೆಕ್ಕವಿಡುವ ಗೃಹಿಣಿಯೊಬ್ಬಳು, ತಾನೇಕೆ ದುಬಾರಿ ಪುಡಿಯನ್ನು ಕೊಳ್ಳುತ್ತೇನೆಂದು ಖಡಾಖಂಡಿತವಾಗಿ ವಿವರಿಸುತ್ತಿದ್ದಳು. ಅಗ್ಗದ ವಸ್ತು ಬೇರೆ, ಒಳ್ಳೆಯ ವಸ್ತು ಬೇರೆ. ಕಡಿಮೆ ಪುಡಿಯಲ್ಲಿ ಹೆಚ್ಚು ಬಟ್ಟೆ ಒಗೆಯಬಹುದಾದರೆ ದುಬಾರಿಯದೇ ಉಳಿತಾಯ ಎಂಬುದು ಅವಳ ವಾದದ ಸಾರ. ಇಲ್ಲಿ ಪ್ರತಿಜ್ಞೆಯಿದೆ, ಹೇತುವಿದೆ. ಆಡುವವಳು ಜಿಪುಣತನಕ್ಕೂ ಜಾಣತನಕ್ಕೂ ಹೆಸರಾದವಳಾದ್ದರಿಂದ ಹೇಳುವವರ ಶೀಲದ ಬಲವೂ ಇದೆ. ಗ್ರಾಹಕಳನ್ನು ಲೆಕ್ಕ ಬಲ್ಲವಳೆಂದು ಗೌರವಿಸಿದ್ದೇ ಆ ಜಾಹೀರಾತಿನ ಯಶಸ್ಸಿನ ಗುಟ್ಟು.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಕೈಯಲ್ಲಿ ಹಣವೇ ಕಡಿಮೆಯಿರುವ ಮನೆಗೆ ಎಷ್ಟು ಒಳ್ಳೆಯ ವಾದವೂ ದುಬಾರಿ ಪೊಟ್ಟಣವನ್ನು ಕೊಡಿಸಲಾರದು. ಅದೇ ಸಂಸ್ಥೆ ಮುಂದೆ ಅಗ್ಗದ ವೀಲ್ ಪುಡಿಯನ್ನೂ ಮಾರುಕಟ್ಟೆಗೆ ತರಬೇಕಾಯಿತು. ಜಾಹೀರಾತಿನ ಶಕ್ತಿಯ ಜೊತೆಗೆ ಅದರ ಮಿತಿಯನ್ನೂ ತಿಳಿಸುವ ಪಾಠವಿದು. ಸರಕು ಮತ್ತು ಬೆಲೆ ಹೊಂದದಿರುವಲ್ಲಿ ಮಾತು ಸೋಲುತ್ತದೆ.

ಆಪ್ತನಾರು?

ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವೂ ಒಂದು ಪ್ರಮಾಣ ಎಂದು ನ್ಯಾಯಶಾಸ್ತ್ರ ಒಪ್ಪುತ್ತದೆ. ಆದರೆ ಯಾರ ಶಬ್ದ? ಆಪ್ತನದು. ವಸ್ತುವನ್ನು ಸ್ವತಃ ಅರಿತವನಾಗಿರಬೇಕು, ಅರಿತದ್ದನ್ನು ಅರಿತಂತೆ ತಿಳಿಸುವ ಇಚ್ಛೆಯುಳ್ಳವನಾಗಿರಬೇಕು; ಆಗ ಮಾತ್ರ ಅವನು ಆಪ್ತ. ಖ್ಯಾತಿ ಈ ಲಕ್ಷಣದಲ್ಲಿ ಸೇರಿಲ್ಲ ಎಂಬುದನ್ನು ಗಮನಿಸಬೇಕು.

ಮೈಸೂರು ಸ್ಯಾಂಡಲ್ ಸಾಬೂನಿನ ಇತಿಹಾಸ ಈ ದೃಷ್ಟಿಯಿಂದ ಅವಲೋಕಿಸಲು ಯೋಗ್ಯವಾಗಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಯೂರೋಪಿಗೆ ಹೋಗಬೇಕಿದ್ದ ಶ್ರೀಗಂಧದ ಮರ ಸಂಸ್ಥಾನದಲ್ಲೇ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಗಂಧದ ಎಣ್ಣೆಯ ತಯಾರಿಕೆ ಆರಂಭವಾಯಿತು. ಅದರ ಬೆನ್ನಿಗೇ ಸಾಬೂನಿನ ಉದ್ಯಮ ಬೆಳೆಯಿತು. ಅಂಡಾಕಾರದ ಆ ಸಾಬೂನು, ಅದರ ಮೇಲಿನ ಶರಭದ ಲಾಂಛನ, ಪೆಟ್ಟಿಗೆ ತೆರೆದೊಡನೆ ಬರುವ ಪರಿಮಳ ಇವೇ ದಶಕಗಳ ಕಾಲ ಅದರ ಪರವಾಗಿ ಮಾತನಾಡಿದವು. ಪರಿಮಳ ಪ್ರತ್ಯಕ್ಷ ಪ್ರಮಾಣ. ಅದಕ್ಕೆ ಸಾಕ್ಷಿ ಬೇಕಿಲ್ಲ. 2025ರ ಮೇ ತಿಂಗಳಲ್ಲಿ ಇದೇ ಸಾಬೂನಿನ ಪ್ರಚಾರಕ್ಕೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ ಸುಮಾರು 6.2 ಕೋಟಿ ರೂಪಾಯಿಗಳಿಗೆ ಆಯ್ಕೆ ಮಾಡಿದಾಗ ರಾಜ್ಯದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕನ್ನಡದ ಕಲಾವಿದರೇಕೆ ಅಲ್ಲ ಎಂದು ಹಲವರು ಕೇಳಿದರು. ಹೊರರಾಜ್ಯಗಳ ಮಾರುಕಟ್ಟೆಯನ್ನು ತಲುಪುವುದು ಉದ್ದೇಶ ಎಂದು ಸರ್ಕಾರ ಉತ್ತರಿಸಿತು. ಎರಡೂ ಪಕ್ಷಗಳ ವಾದದಲ್ಲಿ ಒಂದೇ ಪ್ರಶ್ನೆ ಅಡಗಿತ್ತು: ಕೇಳುವವರು ಯಾರು, ಅವರಿಗೆ ಆಪ್ತರೆನಿಸುವವರು ಯಾರು? ಮೈಸೂರಿನ ಗೃಹಿಣಿಗೆ ಈ ಸಾಬೂನಿನ ಬಗ್ಗೆ ಯಾರೂ ಏನೂ ಹೇಳಬೇಕಿಲ್ಲ. ಅದರ ಪರಿಮಳವನ್ನೇ ಅರಿಯದ ದೂರದ ಊರಿನ ಗ್ರಾಹಕನಿಗೆ ಪರಿಚಿತ ಮುಖವೊಂದು ಬಾಗಿಲು ತೆರೆಯಬಹುದು. ಆದರೆ ಎರಡನೆಯ ಬಾರಿ ಕೊಳ್ಳುವಂತೆ ಮಾಡುವುದು ಮುಖವಲ್ಲ, ಗಂಧ.

ಪ್ರಚಾರಕರ ಹೊಣೆಯ ವಿಷಯದಲ್ಲಿ ಕಾನೂನೂ ಈಗ ಕಟ್ಟುನಿಟ್ಟಾಗಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಡುವ ಗಣ್ಯರೂ ಸಮಾನ ಹೊಣೆಗಾರರು ಎಂದು ಸರ್ವೋಚ್ಚ ನ್ಯಾಯಾಲಯ 2024ರ ಮೇ ತಿಂಗಳಲ್ಲಿ, ಭಾರತೀಯ ವೈದ್ಯಕೀಯ ಸಂಘದ ಅರ್ಜಿಯ ವಿಚಾರಣೆಯ ವೇಳೆ ಸ್ಪಷ್ಟಪಡಿಸಿತು.

ಅಂಕಿಗಳ ಮಾಯೆ

ಸಂಖ್ಯೆ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯೇ ಸಂಖ್ಯೆಯ ಮೂಲಕ ಒಪ್ಪಿಸುವವರ ಬಂಡವಾಳ. ಅಮೋಸ್ ಟ್ವೆರ್‌ಸ್ಕಿ ಮತ್ತು ಡೇನಿಯಲ್ ಕಾನ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಮೊದಲು ಕಿವಿಗೆ ಬಿದ್ದ ಸಂಖ್ಯೆ ಮುಂದಿನ ಎಲ್ಲ ಅಂದಾಜುಗಳನ್ನೂ ತನ್ನತ್ತ ಎಳೆಯುತ್ತದೆಂದು ತೋರಿಸಿದರು. ಪೇಟೆಯ ವರ್ತಕನಿಗೆ ಇದು ಪ್ರಬಂಧ ಓದಿ ತಿಳಿಯಬೇಕಾದ ವಿಷಯವಲ್ಲ. 4,000 ರೂ. ಎಂದು ಬರೆದು, ಅದರ ಮೇಲೆ ಗೀಟು ಎಳೆದು, ಕೆಳಗೆ 1,999 ರೂ. ಎಂದು ಬರೆದರೆ ಗ್ರಾಹಕ ವಸ್ತುವಿನ ಬೆಲೆಯನ್ನು ನೋಡುವುದಿಲ್ಲ; ಉಳಿಯಿತೆಂದುಕೊಂಡ 2,001 ರೂಪಾಯಿಯನ್ನು ನೋಡುತ್ತಾನೆ. ಆ ವಸ್ತು 4,000 ರೂಪಾಯಿಗೆ ಎಂದಾದರೂ ಮಾರಾಟವಾಗಿತ್ತೇ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆ ಮೀರಬಾರದ ಮಿತಿಯೇ ಹೊರತು ವಸ್ತುವಿನ ನಿಜ ಮೌಲ್ಯಕ್ಕೆ ಪ್ರಮಾಣಪತ್ರವಲ್ಲ.

ಇನ್ನು ಕೆಲವು ಲೆಕ್ಕಗಳನ್ನು ಬಿಡಿಸಿ ನೋಡಬಹುದು. ‘ಶೇ. 50 + ಶೇ. 20’ ಎಂಬ ರಿಯಾಯಿತಿ ನೋಡಿದವರ ಮನಸ್ಸು ಶೇ. 70 ಎಂದು ಕೂಡಿಸುತ್ತದೆ. 1,000 ರೂ. ವಸ್ತು ಮೊದಲು 500 ಆಗಿ, ಆ 500ರ ಶೇ. 20 ಕಳೆದು 400 ಆಗುತ್ತದೆ. ನಿಜವಾದ ಕಡಿತ ಶೇ. 60. ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಮೂರಕ್ಕೆ ಎರಡರ ಬೆಲೆ; ಅದು ಶೇ. 33ರ ರಿಯಾಯಿತಿ, ಅದೂ ಮೂರು ಬೇಕಾದವರಿಗೆ ಮಾತ್ರ. ‘ಶೇ. 25 ಹೆಚ್ಚು ಪುಡಿ’ ಎಂಬ ಪೊಟ್ಟಣದಲ್ಲಿ ಗ್ರಾಮಿನ ಬೆಲೆ ಇಳಿದಿರುವುದು ಶೇ. 20 ಅಷ್ಟೆ. ಆಭರಣದ ಮಳಿಗೆಯಲ್ಲಿ ‘ಮಜೂರಿ ಇಲ್ಲ’ ಎಂದು ಬರೆದು, ವೇಸ್ಟೇಜ್ ಹೆಸರಿನಲ್ಲಿ ಶೇ. 12 ಸೇರಿಸಿದರೆ 10 ಗ್ರಾಮಿನ ಸರಕ್ಕೆ ಗ್ರಾಹಕ ತೆರುವುದು 11.2 ಗ್ರಾಮಿನ ಬೆಲೆ. ಇವು ಯಾವುವೂ ತಮ್ಮಷ್ಟಕ್ಕೆ ಅಪರಾಧಗಳಲ್ಲ. ಮನೆಗೆ ಹೋದ ಮೇಲೆ ಗ್ರಾಹಕ ಇದೇ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿದಾಗ ಅವನ ಮನಸ್ಸಿನಲ್ಲಿ ಅಂಗಡಿಯ ಹೆಸರು ಏನಾಗುತ್ತದೆ ಎಂಬುದೇ ಪ್ರಶ್ನೆ.

ಛಲ: ಅಕ್ಷರಕ್ಕೆ ನಿಜ, ಅರ್ಥಕ್ಕೆ ಸುಳ್ಳು

ನ್ಯಾಯಶಾಸ್ತ್ರದಲ್ಲಿ ‘ಛಲ’ ಎಂಬ ಪದಕ್ಕೆ ವಿಶೇಷ ಅರ್ಥವಿದೆ. ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥ ಹಚ್ಚಿ ಗೆಲ್ಲಲು ನೋಡುವುದೇ ಛಲ. ಹುಡುಗನೊಬ್ಬ ‘ನವ’ ಕಂಬಳಿ ಹೊದ್ದಿದ್ದಾನೆ ಎಂದರೆ, ಹೇಳಿದವನ ಅರ್ಥದಲ್ಲಿ ಅದು ಹೊಸ ಕಂಬಳಿ. ‘ಒಂದೇ ಇದೆಯಲ್ಲ, ಒಂಬತ್ತೆಲ್ಲಿ?’ ಎಂದು ಕೇಳುವವನು ಛಲವಾದಿ. ವ್ಯಾಖ್ಯಾನಕಾರರು ಕೊಡುವ ಈ ಹಳೆಯ ಉದಾಹರಣೆ ಇಂದಿನ ‘ಷರತ್ತುಗಳು ಅನ್ವಯಿಸುತ್ತವೆ’ ಎಂಬ ಸಾಲಿಗೆ ಚೆನ್ನಾಗಿ ಹೊಂದುತ್ತದೆ. ದೊಡ್ಡ ಅಕ್ಷರದಲ್ಲಿ ಒಂದು ಅರ್ಥವನ್ನು ಮೂಡಿಸಿ, ಜಗಳ ಬಂದಾಗ ಸಣ್ಣ ಅಕ್ಷರದ ಇನ್ನೊಂದು ಅರ್ಥದ ಹಿಂದೆ ಅಡಗುವುದು ಛಲವೇ ಸರಿ.

ನಾಗರಿಕ ಸೇವಾ ಪರೀಕ್ಷೆಯ ತರಬೇತಿ ಕ್ಷೇತ್ರದಲ್ಲಿ ಇದರ ಪರಾಕಾಷ್ಠೆ ಕಂಡುಬಂತು. ಉತ್ತೀರ್ಣರಾದ ಅಭ್ಯರ್ಥಿಗಳ ಭಾವಚಿತ್ರಗಳನ್ನು ಹಲವು ತರಬೇತಿ ಸಂಸ್ಥೆಗಳು ತಮ್ಮವೆಂದು ಪ್ರಕಟಿಸುತ್ತಿದ್ದವು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಪರಿಶೀಲಿಸಿದಾಗ, ಅಂತಹವರಲ್ಲಿ ಅನೇಕರು ಪಡೆದದ್ದು ಸಂದರ್ಶನಕ್ಕೆ ಮುನ್ನ ನೀಡುವ ಉಚಿತ ಮಾರ್ಗದರ್ಶನ ಮಾತ್ರ ಎಂಬುದು ಬೆಳಕಿಗೆ ಬಂತು. ಅಭ್ಯರ್ಥಿ ಅಲ್ಲಿ ಕಲಿತದ್ದು ನಿಜ. ಲಕ್ಷಾಂತರ ರೂಪಾಯಿ ಶುಲ್ಕದ ಪೂರ್ಣ ತರಬೇತಿಯಿಂದ ಗೆದ್ದರೆಂಬ ಭಾವನೆ ಸುಳ್ಳು. ಸಾಲ ಮಾಡಿ ಮಕ್ಕಳನ್ನು ಸೇರಿಸಿದ ತಂದೆತಾಯಿಗಳು ನಂಬಿದ್ದು ಆ ಭಾವನೆಯನ್ನು. ಹಲವು ಸಂಸ್ಥೆಗಳಿಗೆ ದಂಡ ವಿಧಿಸಿದ ಪ್ರಾಧಿಕಾರ, 2024ರ ನವೆಂಬರಿನಲ್ಲಿ ಈ ಕ್ಷೇತ್ರಕ್ಕೇ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿತು.

ಅವಸರದ ಒತ್ತಡ

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ 1984ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಮನುಷ್ಯನನ್ನು ಒಪ್ಪಿಸುವ ಆರು ಬಗೆಗಳನ್ನು ವಿವರಿಸಿದರು: ಉಪಕಾರದ ಋಣ, ಆಡಿದ ಮಾತಿಗೆ ಕಟ್ಟುಬೀಳುವುದು, ಹತ್ತು ಜನ ಮಾಡಿದ್ದನ್ನು ಮಾಡುವುದು, ಬಲ್ಲವರ ಮಾತಿಗೆ ತಲೆಬಾಗುವುದು, ಇಷ್ಟವಾದವರ ಮಾತನ್ನು ಕೇಳುವುದು, ಸಿಗದೇ ಹೋದೀತೆಂಬ ಆತಂಕ. ಪೇಟೆಯ ಹಿರಿಯ ವರ್ತಕರು ಇವೆಲ್ಲವನ್ನೂ ಅನುಭವದಿಂದ ಬಲ್ಲರು. ಸೀರೆ ತೋರಿಸುವ ಮೊದಲು ಕಾಫಿ ತರಿಸುವುದು ಮೊದಲನೆಯದು. ‘ಇದೇ ಕೊನೆಯ ಪೀಸು’ ಎನ್ನುವುದು ಆರನೆಯದು.

ಕಾಫಿಯಲ್ಲಿ ತಪ್ಪಿಲ್ಲ. ಕೊನೆಯ ಪೀಸು ನಿಜಕ್ಕೂ ಕೊನೆಯದಾಗಿದ್ದರೆ ಆ ಮಾತೂ ಗ್ರಾಹಕನಿಗೆ ಮಾಡಿದ ಉಪಕಾರವೇ. ಉಗ್ರಾಣದಲ್ಲಿ ಅದೇ ಸೀರೆಯ ಇಪ್ಪತ್ತು ಪ್ರತಿಗಳಿದ್ದಾಗ ಅದು ಮೋಸವಾಗುತ್ತದೆ. ಆನ್‌ಲೈನ್ ಮಾರಾಟದಲ್ಲಿ ಈ ತಂತ್ರ ಯಂತ್ರದ ವೇಗ ಪಡೆದಿದೆ. ಸುಳ್ಳು ಅವಸರ ಹುಟ್ಟಿಸುವುದು, ಗ್ರಾಹಕ ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಹಣ ಕಟ್ಟುವ ಕೊನೆಯ ಹಂತದಲ್ಲಿ ಹೊಸ ಶುಲ್ಕ ತೋರಿಸುವುದು, ಚಂದಾದಾರಿಕೆಯಿಂದ ಹೊರಬರಲು ಬಿಡದಿರುವುದು ಮುಂತಾದ 13 ಬಗೆಯ ತಂತ್ರಗಳನ್ನು 2023ರ ನವೆಂಬರ್ 30ರಂದು ಪ್ರಕಟವಾದ ಕೇಂದ್ರದ ಮಾರ್ಗಸೂಚಿ ಪಟ್ಟಿ ಮಾಡಿ ನಿಷೇಧಿಸಿತು. ಬೀದಿಯ ವರ್ತಕರು ಆನ್‌ಲೈನ್ ಕಂಪನಿಗಳ ವಿರುದ್ಧ ದೂರುವುದು ನ್ಯಾಯವೇ. ಆದರೆ ಸ್ಪರ್ಧೆಯ ಹೆಸರಿನಲ್ಲಿ ಅವೇ ತಂತ್ರಗಳನ್ನು ಅಂಗಡಿಗೆ ತಂದುಕೊಂಡರೆ ಆ ದೂರಿಗೆ ಬಲವೆಲ್ಲಿ?

ಕಾನೂನಿನ ತಕ್ಕಡಿ

‘ಅದು ಸುಮ್ಮನೆ ಪ್ರಚಾರಕ್ಕೆ ಆಡಿದ ಮಾತು’ ಎಂಬ ಸಮಜಾಯಿಷಿಯನ್ನು ನ್ಯಾಯಾಲಯಗಳು ಒಪ್ಪದಿರುವುದು ಹೊಸದಲ್ಲ. ವಾಣಿಜ್ಯ ಶಾಸ್ತ್ರದ ಪದವೀಧರರೆಲ್ಲರೂ ಓದಿರುವ ಕಾರ್ಲಿಲ್ ಮೊಕದ್ದಮೆಯೇ ಇದಕ್ಕೆ ಸಾಕ್ಷಿ. ತನ್ನ ಹೊಗೆಯ ಗುಂಡನ್ನು ಹೇಳಿದಂತೆ ಬಳಸಿಯೂ ಇನ್‌ಫ್ಲುಯೆಂಜಾ ಬಂದವರಿಗೆ 100 ಪೌಂಡ್ ಕೊಡುವುದಾಗಿ ಲಂಡನ್ನಿನ ಕಂಪನಿಯೊಂದು 1891ರಲ್ಲಿ ಜಾಹೀರಾತು ನೀಡಿತ್ತು. ಪ್ರಾಮಾಣಿಕತೆಯ ಗುರುತಾಗಿ 1,000 ಪೌಂಡ್ ಬ್ಯಾಂಕಿನಲ್ಲಿ ಇಟ್ಟಿರುವುದಾಗಿಯೂ ತಿಳಿಸಿತ್ತು. ಜ್ವರ ಬಂದ ಮಹಿಳೆಯೊಬ್ಬರು ಹಣ ಕೇಳಿದಾಗ ಕಂಪನಿ ಅದು ಬರಿಯ ಉತ್ಪ್ರೇಕ್ಷೆ ಎಂದಿತು. ಹಣವನ್ನು ಬ್ಯಾಂಕಿನಲ್ಲಿಟ್ಟು ನಂಬಿಸಿದ ಮೇಲೆ ಅದು ಉತ್ಪ್ರೇಕ್ಷೆಯಾಗಿ ಉಳಿಯುವುದಿಲ್ಲ, ಮಾತಾಗುತ್ತದೆ ಎಂದು ಮೇಲ್ಮನವಿ ನ್ಯಾಯಾಲಯ 1892ರಲ್ಲಿ ತೀರ್ಪಿತ್ತಿತು. ನಂಬಿಸಲು ಬಳಸಿದ ಸಾಧನವೇ ಮುಂದೆ ಹೊಣೆಯ ಆಧಾರವಾಗುತ್ತದೆಂಬುದು ಈ ತೀರ್ಪಿನ ತಿರುಳು.

ಭಾರತದಲ್ಲಿ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಜಾಹೀರಾತು ಕಾಯ್ದೆಯಿಂದ ಮೊದಲ್ಗೊಂಡು ಹಲವು ಕಾನೂನುಗಳು ಬಂದಿವೆ. ಜಾಹೀರಾತು ಉದ್ಯಮವೇ 1985ರಲ್ಲಿ ಸ್ವಯಂ ನಿಯಂತ್ರಣಕ್ಕಾಗಿ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯನ್ನು ಕಟ್ಟಿಕೊಂಡಿತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂ.ವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂ.ವರೆಗೆ ದಂಡ ವಿಧಿಸಲು ಪ್ರಾಧಿಕಾರಕ್ಕೆ ಅಧಿಕಾರವಿದೆ. 2022ರ ಜೂನ್ 9ರ ಮಾರ್ಗಸೂಚಿಗಳು ಇನ್ನೂ ವಿವರವಾಗಿವೆ. ಷರತ್ತು ಇದ್ದರೆ ಅದು ಜಾಹೀರಾತಿನ ಭಾಷೆಯಲ್ಲೇ ಇರಬೇಕು, ಎದ್ದುಕಾಣುವಂತಿರಬೇಕು, ದೊಡ್ಡ ಅಕ್ಷರದ ಸುಳ್ಳನ್ನು ಸಣ್ಣ ಅಕ್ಷರದಿಂದ ತಿದ್ದಲಾಗದು. ಗ್ರಾಹಕನನ್ನು ಸೆಳೆಯಲು ಹೇಳಿದ ಬೆಲೆಗೆ ಸಾಕಷ್ಟು ಸರಕು ಇರಬೇಕು. ಉಚಿತವೆಂದ ಮೇಲೆ ಬೇರೆ ಹೆಸರಿನಲ್ಲಿ ಬೆಲೆ ಪಡೆಯುವಂತಿಲ್ಲ. ಈ ನಿಯಮಗಳು ದೂರದರ್ಶನದ ಕೋಟಿ ರೂಪಾಯಿಗಳ ಜಾಹೀರಾತಿಗಷ್ಟೇ ಅಲ್ಲ, ಮಾಧ್ಯಮ ಯಾವುದೇ ಇರಲಿ, ಎಲ್ಲಕ್ಕೂ ಅನ್ವಯಿಸುತ್ತವೆ. ತಾಲ್ಲೂಕು ಕೇಂದ್ರದ ಅಂಗಡಿಯ ಕರಪತ್ರವೂ ಇದಕ್ಕೆ ಹೊರತಲ್ಲ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಲು ಇಂದಿನ ಗ್ರಾಹಕನಿಗೆ ವಕೀಲರೂ ಬೇಕಿಲ್ಲ.

ವರ್ತಕನೂ ಶ್ರೋತೃವೇ

ಒಪ್ಪಿಸುವ ಮಾತಿನ ಬಲೆಗೆ ಬೀಳುವವನು ಗ್ರಾಹಕ ಮಾತ್ರ ಎಂದು ಭಾವಿಸಿದರೆ ಅದು ಅರ್ಧ ಸತ್ಯ. ಫ್ರಾಂಚೈಸಿ ಕೊಡುವುದಾಗಿ, ಮೂರು ತಿಂಗಳಲ್ಲಿ ವಹಿವಾಟು ಇಮ್ಮಡಿಸುವುದಾಗಿ, ಅಂಗಡಿಯ ಹೆಸರನ್ನು ಅಂತರಜಾಲದಲ್ಲಿ ಮೊದಲಿಗೆ ತರುವುದಾಗಿ ಬರುವ ಮಾತುಗಳಿಗೆ ಕಿವಿಗೊಟ್ಟು ಉಳಿತಾಯ ಕಳೆದುಕೊಂಡ ವರ್ತಕರು ಎಲ್ಲ ಊರುಗಳಲ್ಲೂ ಇದ್ದಾರೆ. ಹೇತು ಯಾವುದು, ಉದಾಹರಣೆ ಯಾರದು, ಹೇಳುವವನು ಆಪ್ತನೇ ಎಂಬ ಮೂರು ಪ್ರಶ್ನೆಗಳು ಗ್ರಾಹಕನಿಗೆಷ್ಟು ಅಗತ್ಯವೋ ವರ್ತಕನಿಗೂ ಅಷ್ಟೇ ಅಗತ್ಯ.

ವರ್ತಕ ಸಮುದಾಯ ಸರ್ಕಾರದೆದುರು ಮಂಡಿಸುವ ವಾದಗಳಿಗೂ ಇದೇ ಅಳತೆ ಹೊಂದುತ್ತದೆ. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ವಿವರಗಳನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ನೀಡಿದ ಪ್ರಸಂಗವನ್ನು ನೆನೆಯಬಹುದು. ಖಾತೆಗೆ 40 ಲಕ್ಷ ರೂಪಾಯಿಗೂ ಹೆಚ್ಚು ಬಂದಿದೆ, ಆದ್ದರಿಂದ ತೆರಿಗೆಗೆ ಒಳಪಡುವ ವಹಿವಾಟು ಅಷ್ಟಿದೆ ಎಂಬ ಅನುಮಾನದಲ್ಲಿ ದೋಷವಿತ್ತು. ನೆಂಟರು ಹಿಂದಿರುಗಿಸಿದ ಸಾಲವೂ ಅದೇ ಖಾತೆಗೆ ಬರುತ್ತದೆ. ತೆರಿಗೆಯೇ ಇಲ್ಲದ ಹಾಲು, ತರಕಾರಿಯ ಹಣವೂ ಅಲ್ಲಿಗೇ ಬರುತ್ತದೆ. ಸಾಧ್ಯವಿಲ್ಲದ ಕಡೆಯಲ್ಲೂ ಕಾಣಿಸುವ ಹೇತುವನ್ನು ನೈಯಾಯಿಕರು ಸವ್ಯಭಿಚಾರ ಎನ್ನುತ್ತಾರೆ. ಈ ದೋಷವನ್ನು ಲೆಕ್ಕಪತ್ರ ಸಹಿತ ತೋರಿಸಿದ ವರ್ತಕರ ವಾದಕ್ಕೆ ಬೆಲೆಯಿತ್ತು. ‘ಸಣ್ಣವರು, ಆದ್ದರಿಂದ ತೆರಿಗೆ ಕೇಳಬಾರದು’ ಎಂಬ ವಾದವೂ ಆಗ ಕೇಳಿಬಂತು. ಅದು ಕರುಣೆಯನ್ನು ಹುಟ್ಟಿಸುವ ಮಾತೇ ಹೊರತು ಹೇತುವಲ್ಲ. ತೆರಿಗೆಗೆ ಒಳಪಟ್ಟ ಸರಕನ್ನು ಮಿತಿ ಮೀರಿ ಮಾರಿದವರಿಗೆ ನೋಂದಣಿಯ ಹೊಣೆ ಇದ್ದೇ ಇತ್ತು. ‘ಯುಪಿಐ ಇಲ್ಲ’ ಎಂದು ಅಂಗಡಿಗಳಲ್ಲಿ ತೂಗಿದ ಫಲಕಗಳಂತೂ ಗ್ರಾಹಕನ ಮನಸ್ಸಿನಲ್ಲಿ ಹುಟ್ಟಿಸಿದ್ದು ಸಹಾನುಭೂತಿಗಿಂತ ಹೆಚ್ಚಾಗಿ ಸಂಶಯವನ್ನು. ನ್ಯಾಯವಾದ ಅಹವಾಲೂ ತಪ್ಪು ಮಾತಿನಿಂದ ದುರ್ಬಲವಾಗುತ್ತದೆ.

ಒಂದು ಆಕ್ಷೇಪ ಮತ್ತು ಉತ್ತರ

ಬಾಯಿ ಇದ್ದವನು ಬರಗಾಲದಲ್ಲೂ ಬದುಕುತ್ತಾನೆ ಎಂಬುದು ನಾಡಿನ ಗಾದೆ. ಸ್ವಲ್ಪ ಬಣ್ಣ ಹಚ್ಚದೆ ವ್ಯಾಪಾರ ಸಾಗದು. ಪಕ್ಕದ ಅಂಗಡಿಯವನು ಶೇ. 70 ಎಂದು ಬರೆದಿರುವಾಗ ಪ್ರಾಮಾಣಿಕವಾಗಿ ಶೇ. 15 ಎಂದು ಬರೆದವನ ಬಳಿ ಯಾರು ಬರುತ್ತಾರೆ ಎಂದು ವರ್ತಕರು ಕೇಳುವುದುಂಟು. ಈ ಪ್ರಶ್ನೆಯಲ್ಲಿ ಸತ್ಯಾಂಶವಿದೆ. ಜಾಹೀರಾತು ನೀಡುವುದು ವರ್ತಕನ ಹಕ್ಕು. ವಾಣಿಜ್ಯ ಸಂಬಂಧದ ಮಾತಿಗೂ ಸಂವಿಧಾನದ ವಾಕ್ ಸ್ವಾತಂತ್ರ್ಯದ ರಕ್ಷಣೆಯಿದೆ ಎಂದು ಸರ್ವೋಚ್ಚ ನ್ಯಾಯಾಲಯ 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದರೆ ಮೋಸದ ಮಾತಿಗೆ ಆ ರಕ್ಷಣೆಯಿಲ್ಲ ಎಂಬುದನ್ನೂ ಅದೇ ತೀರ್ಪು ತಿಳಿಸಿದೆ.

‘ರುಚಿಯೋ ರುಚಿ’ ಎನ್ನುವುದನ್ನು ಯಾವ ಗ್ರಾಹಕನೂ ಅಕ್ಷರಶಃ ಅಳೆಯುವುದಿಲ್ಲ. ಅದು ಮಾತಿನ ಸೊಗಸು. ‘ಏಳು ದಿನಗಳಲ್ಲಿ ಸಕ್ಕರೆ ಕಾಯಿಲೆ ಮಾಯ’ ಎನ್ನುವುದನ್ನು ನಂಬಿದವನು ಮಾತ್ರೆ ನಿಲ್ಲಿಸುತ್ತಾನೆ. ಗ್ರಾಹಕ ಆ ಮಾತನ್ನು ನಂಬಿ ಏನು ಮಾಡುತ್ತಾನೆ ಎಂಬುದೇ ಸೊಗಸಿಗೂ ವಂಚನೆಗೂ ನಡುವಿನ ಗೆರೆ. ಪ್ರಾಮಾಣಿಕನು ಸ್ಪರ್ಧೆಯಲ್ಲಿ ಸೋಲುತ್ತಾನೆ ಎಂಬ ಆತಂಕಕ್ಕೆ ಒಬ್ಬಂಟಿ ವರ್ತಕನ ಬಳಿ ಉತ್ತರವಿಲ್ಲ. ಸಂಘಟಿತ ಸಮುದಾಯದ ಬಳಿ ಇದೆ. ತೂಕ ಮತ್ತು ಅಳತೆಗಳಲ್ಲಿ ಪೇಟೆಗೆಲ್ಲ ಒಂದೇ ನಿಯಮವಿರುವಂತೆ ಮಾತಿನಲ್ಲೂ ಒಂದೇ ನಿಯಮವಿದ್ದರೆ ಯಾರೂ ಸೋಲಬೇಕಿಲ್ಲ.

ಆಗಬೇಕಾದದ್ದು

ಈ ದಿಸೆಯಲ್ಲಿ ವಾಣಿಜ್ಯ ಸಂಸ್ಥೆಗಳು ಮತ್ತು ಬೀದಿವಾರು ವರ್ತಕರ ಸಂಘಗಳು ಕೆಲವು ಕ್ರಮಗಳನ್ನು ಕೈಗೊಳ್ಳುವುದು ಅಪೇಕ್ಷಣೀಯ. ‘ವರೆಗೆ’ ಎಂಬ ಪದವನ್ನು ಅಂಕಿಯಷ್ಟೇ ದೊಡ್ಡದಾಗಿ ಬರೆಯುವುದು ಮತ್ತು ಎಷ್ಟು ಸರಕಿಗೆ ಆ ರಿಯಾಯಿತಿ ಅನ್ವಯಿಸುತ್ತದೆಂದು ತಿಳಿಸುವುದು ಮೊದಲನೆಯದು. ಗೀಟು ಎಳೆದ ಹಳೆಯ ಬೆಲೆಗೆ ವಸ್ತು ನಿಜವಾಗಿ ಮಾರಾಟವಾಗಿದ್ದ ದಾಖಲೆಯನ್ನು ಇಟ್ಟುಕೊಳ್ಳುವುದು ಎರಡನೆಯದು. ಕನ್ನಡದಲ್ಲಿ ಆಶ್ವಾಸನೆ ನೀಡಿ ಷರತ್ತನ್ನು ಇಂಗ್ಲಿಷಿನಲ್ಲಿ ಮುದ್ರಿಸುವ ಪದ್ಧತಿಯನ್ನು ಕೈಬಿಡುವುದು ಮೂರನೆಯದು. ಹಬ್ಬದ ಹಂಗಾಮಿಗೆ ಮುನ್ನ ಸದಸ್ಯರ ಕರಪತ್ರಗಳನ್ನು ಪರಿಶೀಲಿಸಿ ಸಲಹೆ ನೀಡುವ ಸಣ್ಣ ಸಮಿತಿಯೊಂದನ್ನು ರಚಿಸುವುದು ನಾಲ್ಕನೆಯದು. ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಒಂದು ಬಾರಿ ತೆರುವ ದಂಡದ ಮುಂದೆ ಏನೂ ಅಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಗ್ರಾಹಕ ಈಗ ಬಲ್ಲ. ಒಮ್ಮೆ ಮೋಸಹೋದ ಮೇಲೆ ಅವನು ಹಾಲನ್ನೂ ಸುಣ್ಣದ ನೀರೆಂದೇ ಶಂಕಿಸುತ್ತಾನೆ. ಆ ಶಂಕೆಯ ನಷ್ಟವನ್ನು ಮೋಸ ಮಾಡಿದವನೊಬ್ಬನೇ ತೆರುವುದಿಲ್ಲ, ಇಡೀ ಪೇಟೆ ತೆರುತ್ತದೆ. ಹಿಂದಿನ ತಲೆಮಾರಿನ ವರ್ತಕರು ಉದ್ರಿ ಪುಸ್ತಕದ ಒಂದು ಸಾಲಿನ ಮೇಲೆ ವರ್ಷಗಟ್ಟಲೆ ವ್ಯವಹಾರ ನಡೆಸಿದರು. ಅಂದು ಗ್ರಾಹಕನ ಮಾತನ್ನು ವರ್ತಕ ನಂಬಿದ್ದ. ಇಂದು ವರ್ತಕನ ಮಾತನ್ನು ಗ್ರಾಹಕ ನಂಬಬೇಕಾಗಿದೆ. ಬರುವ ಆಷಾಢದಲ್ಲಿ ಅಂಗಡಿಯ ಮುಂದೆ ತೂಗುವ ಫಲಕ ಆ ನಂಬಿಕೆಗೆ ತಕ್ಕಂತಿರಲಿ.